ಎರಡಾಳಿಗೆ ವಾರಕ್ಕೊಂದು ಸೂಜಿ

ಲಿಫ್ಟಿನೊಳಗೆ ಒಂದು ಸಣ್ಣ ತಗಡು ಹೊಡೆದಿರುತ್ತಾರೆ, ನೋಡಿರುತ್ತೀರಿ. ನಾಲ್ಕು ಜನ, ಇನ್ನೂರ ಎಪ್ಪತ್ತೆರಡು ಕಿಲೋ. ಆರು ಜನ, ನಾನೂರ ಎಂಟು ಕಿಲೋ. ಅಂದರೆ ತಲೆಗೆ ಅರವತ್ತೆಂಟು ಕಿಲೋ ಎಂದು ಯಾರೋ ಪುಣ್ಯಾತ್ಮ ಲೆಕ್ಕ ಹಾಕಿಟ್ಟಿದ್ದಾನೆ. ನಾನು ಹೇಳಹೊರಟಿರುವ ಮನುಷ್ಯ ನೂರ ಮೂವತ್ತಾರು ಕಿಲೋ ಇದ್ದ. ನೂರ ಮೂವತ್ತೈದೂ ಅಲ್ಲ, ನೂರ ಮೂವತ್ತೇಳೂ ಅಲ್ಲ. ತಗಡಿನ ಲೆಕ್ಕದಲ್ಲಿ ಸರಿಯಾಗಿ ಇಬ್ಬರು. ಅದಕ್ಕೇ ಅವನನ್ನು ಎಲ್ಲರೂ ಎರಡಾಳು ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.

ಅವನ ಕೆಲಸ ಲಿಫ್ಟಿನಲ್ಲಿ ನಿಲ್ಲುವುದು. ನಗಬೇಡಿ, ಅದೂ ಒಂದು ಕೆಲಸವೇ. ಲಿಫ್ಟುಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕು. ತಗಡಿನ ಮೇಲೆ ಬರೆದಷ್ಟು ಭಾರ ಹೇರಿ, ಮೇಲೆ ಕೆಳಗೆ ಓಡಿಸಿ, ಬ್ರೇಕು ಹಿಡಿಯುತ್ತದೋ ಕೈಕೊಡುತ್ತದೋ ನೋಡಬೇಕು. ದೊಡ್ಡ ಕಂಪನಿಗಳು ಇದಕ್ಕೆ ಲಾರಿ ತುಂಬ ಕಬ್ಬಿಣದ ತೂಕಗಳನ್ನು ತರುತ್ತವೆ. ಇವನ ಯಜಮಾನರದ್ದು ಸಣ್ಣ ವ್ಯವಹಾರ: ಒಂದು ಮುದಿ ವ್ಯಾನು, ಒಬ್ಬ ಬಡಕಲು ಮೆಕ್ಯಾನಿಕ್, ಬಾಡಿಗೆಗೆ ತಂದ ಒಂದಿಷ್ಟು ತೂಕ. ಹತ್ತು ವರ್ಷದ ಹಿಂದೆ ಒಂದು ಬಟ್ಟೆ ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ತೂಕ ಕಡಿಮೆ ಬಿತ್ತು. ಬಾಗಿಲು ಕಾಯುತ್ತಿದ್ದ ಇವನನ್ನು ಯಜಮಾನರು, “ಏನಯ್ಯಾ, ಸ್ವಲ್ಪ ಒಳಗೆ ಬಂದು ನಿಂತ್ಕೋ” ಎಂದರು. ಆಮೇಲೆ ಗೋಡೌನಿನ ತಕ್ಕಡಿಯ ಮೇಲೂ ನಿಲ್ಲಿಸಿದರು. ಮುಳ್ಳು ನಿಂತ ಜಾಗ ಕಂಡು ಅವರ ಕಣ್ಣಲ್ಲಿ ನೀರೇ ಬಂತಂತೆ. ಕಬ್ಬಿಣವನ್ನಾದರೆ ಇಬ್ಬರು ಹೊರಬೇಕು, ಇಬ್ಬರು ಇಳಿಸಬೇಕು. ಇದು ತಾನಾಗಿ ನಡೆದು ಬರುತ್ತದೆ, ತಾನಾಗಿ ನಡೆದು ಹೋಗುತ್ತದೆ. ಅವತ್ತೇ ಕೆಲಸ ಕೊಟ್ಟರು.

ಸಂಬಳವೂ ಕಬ್ಬಿಣದ ಹಾಗೇ. ತೂಕಗಳನ್ನು ಬಾಡಿಗೆಗೆ ಕೊಡುವವರು ಕಿಲೋಗೆ ದಿನಕ್ಕೆ ಇಷ್ಟು ಎಂದು ವಸೂಲಿ ಮಾಡುತ್ತಾರೆ; ಯಜಮಾನರು ಇವನಿಗೂ ಅದೇ ದರ ಹಾಕಿದರು. ಇದರಲ್ಲಿ ಅವಮಾನವೇನೂ ಅವನಿಗೆ ಕಾಣಲಿಲ್ಲ. ಶಾಲೆಯಲ್ಲಿ ಬೆಂಚು ಮುರಿದವನು, ಬಸ್ಸಿನಲ್ಲಿ ಎರಡು ಟಿಕೆಟ್ ತೆಗೆದುಕೋ ಎಂದು ಬೈಸಿಕೊಂಡವನು, ಮದುವೆಯ ದಿನ ಕುರ್ಚಿ ಸಮೇತ ಕುಸಿದು ಮಾವನವರ ಕಾಲ ಮೇಲೆ ಬಿದ್ದವನು. ಈಗ ಅದೇ ಮೈ ಅವನಿಗೆ ಅನ್ನ ಹಾಕುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಆಫೀಸಿನ ತಕ್ಕಡಿಯ ಮೇಲೆ ನಿಲ್ಲುತ್ತಿದ್ದ. ಒಂದು ಕಿಲೋ ಹೆಚ್ಚಿದ್ದರೆ ಅವತ್ತಿನ ಊಟ ಬಿಡುತ್ತಿದ್ದ. ಕಡಿಮೆಯಿದ್ದರೆ ಹೋಟೆಲಿಗೆ ಹೋಗಿ ಸರಿಮಾಡಿಕೊಂಡು ಬರುತ್ತಿದ್ದ. ಮೆಕ್ಯಾನಿಕ್ ಬಗ್ಗಿ ಮುಳ್ಳು ನೋಡಿ, “ನೂರ ಮೂವತ್ತಾರು. ಸರಿ, ನಡೀರಿ ಅಣ್ಣ” ಎಂದಾಗ ಅವನಿಗೆ ಪರೀಕ್ಷೆಯಲ್ಲಿ ಪಾಸಾದಷ್ಟು ಖುಷಿ.

ತೊಂದರೆ ಶುರುವಾದದ್ದು ಉಸಿರಿನಿಂದ. ಭಾನುವಾರ ಮಧ್ಯಾಹ್ನ ಉಂಡು ಮಲಗಿದ್ದಾಗ ಗೊರಕೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಹೆಂಡತಿ ಚೀಲದ ಕಾರ್ಖಾನೆಯಲ್ಲಿ ಕ್ಯಾನ್ವಾಸ್ ಚೀಲಗಳಿಗೆ ಹಿಡಿಕೆ ಹೊಲಿಯುವವಳು. ರಜೆಯ ದಿನವೂ ಒಂದಷ್ಟು ಕೆಲಸ ಮನೆಗೆ ತಂದಿರುತ್ತಿದ್ದಳು. ಗೊರಕೆ ನಿಂತ ಕೂಡಲೇ ಹೊಲಿಗೆ ಬಿಟ್ಟು ಎಣಿಸುತ್ತಿದ್ದಳು. ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತೆರಡಕ್ಕೋ ಇಪ್ಪತ್ತಮೂರಕ್ಕೋ ಅವನು ನೀರಿನಿಂದ ಎದ್ದವನ ಹಾಗೆ ಉಸಿರೆಳೆದುಕೊಂಡು ಮತ್ತೆ ಗೊರಕೆ ಹಿಡಿಯುತ್ತಿದ್ದ. ಅಷ್ಟರಲ್ಲಿ ಇವಳ ಜೀವ ಬಾಯಿಗೆ ಬಂದಿರುತ್ತಿತ್ತು. ಒಂದು ಭಾನುವಾರ ಎಣಿಕೆ ನಲವತ್ತು ದಾಟಿತು. ಅವಳು ಬಕೆಟ್ಟಿನ ನೀರನ್ನೆಲ್ಲ ಅವನ ಮುಖಕ್ಕೆ ಸುರಿದಳು. ಮರುದಿನ ಕೈಹಿಡಿದು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದಳು.

ಡಾಕ್ಟರಮ್ಮ ಸುತ್ತಿಬಳಸಿ ಮಾತಾಡುವವರಲ್ಲ. “ಹೀಗೇ ಬಿಟ್ರೆ ಒಂದಿನ ನಿಂತ ಉಸಿರು ಮತ್ತೆ ಶುರುವಾಗಲ್ಲ. ತೂಕ ಇಳೀಲೇಬೇಕು. ವಾರಕ್ಕೊಂದು ಇಂಜೆಕ್ಷನ್ ಬರ್ಕೊಡ್ತೀನಿ, ಹೊಟ್ಟೆಗೆ ನೀವೇ ಚುಚ್ಕೊಳ್ಳಿ. ಹಸಿವು ಸತ್ತೋಗತ್ತೆ.”

“ಹಸಿವು ಸತ್ರೆ ನಾನೂ ಸತ್ತ ಹಾಗೇ ಡಾಕ್ಟರಮ್ಮ” ಎಂದು ಎರಡಾಳು ಹಲ್ಲು ಕಿರಿದ. ಡಾಕ್ಟರಮ್ಮನೂ ನಗಲಿಲ್ಲ, ಹೆಂಡತಿಯೂ ನಗಲಿಲ್ಲ.

ಮೆಡಿಕಲ್ ಶಾಪಿನವನು ಚೀಟಿ ನೋಡಿ ಮೊದಲು ಕೇಳಿದ್ದು, “ಇನ್ಶೂರೆನ್ಸ್ ಇದೆಯಾ?” ಇಲ್ಲ ಎಂದಾಗ ಅವನು ಚೀಟಿಯನ್ನು ಮಡಚಿ ವಾಪಸ್ ಕೊಡಲು ಹೋದ. ಬೆಲೆ ಎಷ್ಟು ಹೇಳಪ್ಪ ಎಂದು ಹೆಂಡತಿ ಗದರಿಸಿದಳು. ಹೇಳಿದ. ತಿಂಗಳಿಗೆ ನಾಲ್ಕು ಸೂಜಿ, ನಾಲ್ಕು ಸೂಜಿಗೆ ಎರಡಾಳಿನ ಮುಕ್ಕಾಲು ಸಂಬಳ.

ಸರಿ, ಇನ್ಶೂರೆನ್ಸ್ ಮಾಡಿಸಿಬಿಡೋಣ ಎಂದು ಇಬ್ಬರೂ ಅಲ್ಲಿಂದ ನೇರ ಇನ್ಶೂರೆನ್ಸ್ ಆಫೀಸಿಗೆ ಹೋದರು. ಕೌಂಟರಿನ ಹುಡುಗಿ ಬಹಳ ನಯದವಳು. ಅವನನ್ನು ಮೇಲಿಂದ ಕೆಳಗೆ ನೋಡಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, “ನಿಮ್ಮ ತೂಕಕ್ಕೆ ಪಾಲಿಸಿ ಇಲ್ಲ ಸರ್. ನೂರ ಹತ್ತರೊಳಗೆ ಬನ್ನಿ, ಕೂತಲ್ಲೇ ಮಾಡ್ಕೊಡ್ತೀನಿ” ಎಂದಳು.

“ನೂರ ಹತ್ತಕ್ಕೆ ಇಳಿಯೋಕೆ ಔಷಧಿ ಬೇಕಮ್ಮ.”

“ತಗೊಳ್ಳಿ ಸರ್. ಈಗ ಒಳ್ಳೊಳ್ಳೆ ಔಷಧಿ ಬಂದಿದೆ.”

“ಬೆಲೆ ಕೇಳಿದ್ಯಾ ತಾಯಿ?”

“ಗೊತ್ತು ಸರ್, ತುಂಬಾ ದುಬಾರಿ. ಅದಕ್ಕೇ ಎಲ್ರೂ ಇನ್ಶೂರೆನ್ಸ್ ಮಾಡ್ಸೋದು.”

ಹೆಂಡತಿ ಅವಳನ್ನೇ ಕಣ್ಣು ಕಣ್ಣು ಬಿಟ್ಟು ನೋಡಿದಳು. ಹುಡುಗಿ ತಮಾಷೆ ಮಾಡುತ್ತಿರಲಿಲ್ಲ, ಪಾಪ. ಇಬ್ಬರಿಗೂ ಒಂದೊಂದು ಬಣ್ಣದ ಪುಸ್ತಕ ಕೊಟ್ಟು, ಮತ್ತೆ ಬನ್ನಿ ಎಂದು ಕೈಮುಗಿದಳು.

ಕೊನೆಗೆ ದುಡ್ಡು ಹೊಂದಿಸಿದ್ದು ಹೀಗೆ. ಹೆಂಡತಿ ದಿನಕ್ಕೆ ಅರವತ್ತು ಚೀಲ ಹೆಚ್ಚು ಹೊಲಿಯತೊಡಗಿದಳು. ಸೋಫಾ ಮಾರಿದರು, ಅದು ಹೇಗೂ ಎರಡಾಳಿನ ಕೆಳಗೆ ಸೊರಗಿ ಅರ್ಧ ಸತ್ತಿತ್ತು. ಉಳಿದದ್ದನ್ನು ಭಾಮೈದ ಕೊಟ್ಟ. ಕೊಟ್ಟದ್ದೇನೋ ದೊಡ್ಡ ಮನಸ್ಸು ಮಾಡಿಯೇ ಕೊಟ್ಟ, ಆದರೆ ಅಂದಿನಿಂದ ದಿನಾ ಸಂಜೆ ಬಂದು ಭಾವನ ತೋಳು ಹಿಂಡಿ ನೋಡತೊಡಗಿದ. “ಭಾವ, ನನ್ ದುಡ್ಡು ಎಲ್ಲಿ ಕೆಲ್ಸ ಮಾಡ್ತಿದೆ, ಸ್ವಲ್ಪ ತೋರ್ಸಿ.” ಸೊಂಟದಲ್ಲಿ ಎಂದು ಎರಡಾಳು ಅಂಗಿ ಎತ್ತಿ ತೋರಿಸಬೇಕಿತ್ತು. ಒಮ್ಮೆ ಅವನು ತನ್ನ ಸ್ನೇಹಿತನನ್ನೂ ಕರೆತಂದು ತೋರಿಸಿದ.

ಔಷಧಿ ಮಾತ್ರ ಸುಳ್ಳಾಡಲಿಲ್ಲ. ಮೊದಲ ವಾರವೇ ಎರಡಾಳು ಅರ್ಧ ತಟ್ಟೆ ಅನ್ನ ಬಿಟ್ಟು ಎದ್ದ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನು ತಟ್ಟೆಯಲ್ಲಿ ಏನನ್ನಾದರೂ ಬಿಟ್ಟದ್ದನ್ನು ಹೆಂಡತಿ ಕಂಡಿರಲಿಲ್ಲ. ಅವಳಿಗೆ ಖುಷಿಪಡಬೇಕೋ ಹೆದರಬೇಕೋ ತಿಳಿಯದೆ, ಆ ಅನ್ನವನ್ನು ತಾನೇ ಉಂಡಳು. ತಿಂಗಳಲ್ಲಿ ನಾಲ್ಕು ಕಿಲೋ ಹೋಯಿತು. ಭಾನುವಾರದ ಎಣಿಕೆ ಹದಿನೈದು ದಾಟುವುದು ನಿಂತಿತು.

ಆದರೆ ಒಂದೆರಡು ಕಿಲೋದವರೆಗೆ ಕಣ್ಣು ಮುಚ್ಚಿಕೊಂಡಿದ್ದ ಮೆಕ್ಯಾನಿಕ್ ಆ ಸೋಮವಾರ ಆಫೀಸಿನಲ್ಲಿ ಮುಳ್ಳು ನೋಡಿ ಮುಖ ಗಂಟಿಕ್ಕಿದ. “ಅಣ್ಣ, ನೂರ ಮೂವತ್ತೆರಡು. ನಾಲ್ಕು ಕಮ್ಮಿ ಇಟ್ಕೊಂಡು ಲಿಫ್ಟು ಪಾಸ್ ಮಾಡಿದ್ರೆ, ನಾಳೆ ಜನ ಹತ್ತಿದಾಗ ಹಗ್ಗ ಬಿಟ್ರೆ ಯಾರು ಹೊಣೆ?” ಯಜಮಾನರು ಆಗಲೇ ನಾಲ್ಕು ಕಿಲೋ ಸಂಬಳ ಹಿಡಿದಿದ್ದರು. ಸೂಜಿ ಸಂಬಳ ತಿನ್ನುತ್ತದೆ, ಸಂಬಳವಿಲ್ಲದೆ ಸೂಜಿಯಿಲ್ಲ. ಎರಡಾಳು ತಲೆಯ ಮೇಲೆ ಕೈಹೊತ್ತು ಕೂತ.

ಉಪಾಯ ಹುಡುಕಿದವನು ಮೆಕ್ಯಾನಿಕ್. ಹಳೆಯ ಲಿಫ್ಟುಗಳಿಂದ ಬಿಚ್ಚಿದ ಕಬ್ಬಿಣದ ಪಟ್ಟಿಗಳು ಮೂಲೆಯಲ್ಲಿ ಬಿದ್ದಿದ್ದವು. ಒಂದೊಂದು ಒಂದು ಕಿಲೋ ಆಗುವಂತೆ ಕತ್ತರಿಸಿಕೊಟ್ಟ. ಹೆಂಡತಿ ಕಾರ್ಖಾನೆಯ ದಪ್ಪ ಕ್ಯಾನ್ವಾಸಿನಲ್ಲಿ ಒಂದು ಒಳಅಂಗಿ ಹೊಲಿದು, ಅದಕ್ಕೆ ಸಾಲಾಗಿ ಜೇಬು ಹಚ್ಚಿದಳು. ಎಷ್ಟು ಕಿಲೋ ಮೈಯಿಂದ ಇಳಿಯಿತೋ ಅಷ್ಟು ಪಟ್ಟಿ ಜೇಬಿಗೆ. ಪಟ್ಟಿಗಳನ್ನು ಚೀಲದಲ್ಲಿ ಒಯ್ದು ಲಿಫ್ಟಿನಲ್ಲಿ ಇಟ್ಟರಾಗುತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಮೆಕ್ಯಾನಿಕ್ ಕೂಡ ಕೇಳಿದ. “ಚೀಲ ಹೊರೋಕೆ ಇನ್ನೊಬ್ಬ ಆಳು ಬೇಕು” ಎಂದರು ಯಜಮಾನರು. “ಇವನ ಮೈಮೇಲಿದ್ರೆ ಇವನೇ ಹೊತ್ಕೊಂಡು ಬರ್ತಾನೆ.” ಇಂಥ ಬುದ್ಧಿ ಇರುವುದಕ್ಕೇ ಅವರು ಯಜಮಾನರು, ನಾವು ನಾವು.

ಹೀಗೆ ಎರಡಾಳು ಸೂಜಿಗೆ ದುಡ್ಡು ಸುರಿದು ಇಳಿಸಿದ ತೂಕವನ್ನು ಬೆಳಿಗ್ಗೆ ಎಂಟಕ್ಕೆ ಮತ್ತೆ ತೊಟ್ಟು, ಸಂಜೆ ಆರಕ್ಕೆ ಬಿಚ್ಚುತ್ತಿದ್ದ. ಮೂರನೇ ತಿಂಗಳ ಹೊತ್ತಿಗೆ ಅಂಗಿಯಲ್ಲಿ ಹದಿಮೂರು ಪಟ್ಟಿ. ಮೊಣಕಾಲಿಗೆ ಏನೂ ಲಾಭವಾಗಲಿಲ್ಲ. ಆದರೂ ತಕ್ಕಡಿಯ ಮೇಲೆ ನಿಂತಾಗ ಅದೇ ಹಳೆಯ ನೂರ ಮೂವತ್ತಾರು, ಅದೇ ಹಳೆಯ ಸಂಬಳ. ಒಂದೇ ವಾರದಲ್ಲಿ ಅವನಿಗೆ ಅಂಗಿ ಒಗ್ಗಿಹೋಯಿತು. ಮೈಮೇಲಿದೆ ಎಂಬುದೇ ಮರೆಯುವಷ್ಟು ಒಗ್ಗಿತು ನೋಡಿ, ಎಡವಟ್ಟಾದದ್ದು ಅಲ್ಲೇ.

ಡಾಕ್ಟರಮ್ಮ ತಿಂಗಳಿಗೊಮ್ಮೆ ಬನ್ನಿ ಎಂದಿದ್ದರು. ಫೀಸು ಉಳಿಸಲು ಇವರು ಎರಡು ಸಲ ತಪ್ಪಿಸಿ ಮೂರನೇ ತಿಂಗಳು ಹೋಗುವುದೆಂದು ಮಾಡಿಕೊಂಡಿದ್ದರು. ಅವತ್ತು ಹೆಂಡತಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಎರಡಾಳು ಕೆಲಸದಿಂದ ನೇರ ಆಸ್ಪತ್ರೆಗೆ ಹೋದ. ಕಂಪೌಂಡರ್ ತಕ್ಕಡಿ ಹತ್ತಿಸಿ, “ನೂರ ಮೂವತ್ತಾರು” ಎಂದು ಕೂಗಿದ. ಹತ್ತು ವರ್ಷದ ರೂಢಿ ನೋಡಿ, ಇವನು ತೃಪ್ತಿಯಿಂದ ಗೋಣು ಹಾಕಿ, “ಸರಿಯಾಗಿದೆ” ಎಂದ.

ಡಾಕ್ಟರಮ್ಮ ಚೀಟಿ ನೋಡಿ ಕನ್ನಡಕ ತೆಗೆದಿಟ್ಟರು. “ಮೂರು ತಿಂಗಳಾಯ್ತು! ಒಂದು ಗ್ರಾಂ ಇಳಿದಿಲ್ಲ! ಇಂಜೆಕ್ಷನ್ ಚುಚ್ಕೊಂಡು ಮೇಲಿಂದ ತಿಂತಾ ಇದೀರಾ? ಬಾಯಿಗೊಂದು ಬೀಗ ಹಾಕೋಕಾಗಲ್ವಾ ನಿಮ್ಗೆ?”

ಬೈಸಿಕೊಳ್ಳುವಾಗ ಎರಡಾಳಿಗೆ ತಲೆ ಓಡುವುದಿಲ್ಲ, ಶಾಲೆಯ ದಿನದಿಂದಲೂ ಹಾಗೆಯೇ. ನೆಲ ನೋಡುತ್ತ ನಿಂತ. ತಾನೇ ಏನೋ ತಪ್ಪು ಮಾಡಿರಬೇಕು, ನಿದ್ದೆಯಲ್ಲೆದ್ದು ತಿಂದಿರಬೇಕು ಎಂದುಕೊಂಡ. ಡಾಕ್ಟರಮ್ಮ ಡೋಸು ದುಪ್ಪಟ್ಟು ಮಾಡಿ ಬರೆದರು. ಜೇಬಿನಲ್ಲಿ ಭಾಮೈದ ಕೊಟ್ಟ ದುಡ್ಡಿತ್ತು. ಇದ್ದದ್ದೆಲ್ಲ ಕೊಟ್ಟು ನಾಲ್ಕು ದೊಡ್ಡ ಸೂಜಿ ಕೊಂಡು ಮನೆಗೆ ಬಂದ.

ಹೆಂಡತಿ ಎಲ್ಲವನ್ನೂ ಕೇಳಿ, “ರೀ, ತಕ್ಕಡಿ ಹತ್ತೋವಾಗ ಅಂಗಿ ಬಿಚ್ಚಿದ್ರಾ?” ಎಂದಳು.

ಎರಡಾಳು ಮೆಲ್ಲಗೆ ಎದೆ ಮುಟ್ಟಿ ನೋಡಿಕೊಂಡ. ಒಳಗೆ ಪಟ್ಟಿಗಳು ಟಣ್ ಎಂದವು.

“ಅಯ್ಯೋ ನನ್ನ ಬೆಪ್ಪುತಕ್ಕಡೀ!” ಎಂದು ಹೆಂಡತಿ ಹಣೆ ಚಚ್ಚಿಕೊಂಡಳು. ಆಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಾ ನಗುತ್ತಾ ಅತ್ತಳು. ಮರುದಿನ ಸೂಜಿ ತೆಗೆದುಕೊಂಡು ಮೆಡಿಕಲ್ ಶಾಪಿಗೆ ಓಡಿದಳು. ಫ್ರಿಜ್ಜಿನಿಂದ ಹೊರಗೆ ಹೋದದ್ದು ವಾಪಸ್ ಇಲ್ಲ ಎಂದ ಅವನು. ಡಾಕ್ಟರಮ್ಮನ ಹತ್ತಿರ ಹೋಗಿ ನಿಜ ಹೇಳಿ ಎಂದರೆ ಎರಡಾಳು ಒಪ್ಪಲಿಲ್ಲ. “ಯಾವ ಮುಖ ಹೊತ್ಕೊಂಡು ಹೋಗ್ಲಿ? ನಿಜ ಹೇಳೋಕೂ ಅಲ್ಲಿ ಫೀಸು ಕಟ್ಬೇಕು.”

“ಹಂಗಂತ ಅದನ್ನ ಚುಚ್ಕೊಳ್ಳಬೇಡಿ.”

“ನಿನ್ ತಮ್ಮನ ದುಡ್ಡು ಕಣೇ. ಅವನು ಸಂಜೆ ಬಂದು ತೋಳು ಹಿಂಡ್ತಾನೆ. ಚೆಲ್ಲೋಕಾಗುತ್ತಾ?”

ಚೆಲ್ಲಲಿಲ್ಲ, ಚುಚ್ಚಿಕೊಂಡ. ದೊಡ್ಡ ಸೂಜಿ ತನ್ನ ದುಡ್ಡಿಗೆ ತಕ್ಕ ಕೆಲಸ ಮಾಡಿತು. ಅನ್ನ ಕಂಡರೆ ವಾಕರಿಕೆ, ನೀರು ಕುಡಿದರೂ ವಾಂತಿ. ವಾರಕ್ಕೆ ಮೂರು ಮೂರು ಕಿಲೋ ಇಳಿಯಿತು, ವಾರಕ್ಕೆ ಮೂರು ಮೂರು ಪಟ್ಟಿ ಅಂಗಿಗೇರಿತು. ಹೆಂಡತಿ ದಿನಾ ಬೇಡಿಕೊಂಡಳು, ಬೈದಳು, ಮಾತು ಬಿಟ್ಟಳು. “ಉಸಿರು ನಿಲ್ದೇ ಇರ್ಲಿ ಅಂತ ತಂದ ಔಷಧೀಲೇ ನಿಮ್ಮನ್ನ ಕಳ್ಕೊಳ್ಳೋ ಹಂಗಾಯ್ತಲ್ರೀ” ಎಂದು ಒಂದು ದಿನ ಬಾಯಿಬಿಟ್ಟೇ ಹೇಳಿದಳು. ಇನ್ನೊಂದೇ ಸೂಜಿ ಉಳಿದಿರೋದು ಎಂದು ಎರಡಾಳು ಸಮಾಧಾನ ಮಾಡಿದ.

ಆ ಗುರುವಾರ ಒಂದು ಬ್ಯಾಂಕಿನ ಕಟ್ಟಡದಲ್ಲಿ ಪರೀಕ್ಷೆ. ಆರು ಜನರ ಲಿಫ್ಟು. ನಾಲ್ವರ ಜಾಗಕ್ಕೆ ಬಾಡಿಗೆಯ ತೂಕ, ಇಬ್ಬರ ಜಾಗಕ್ಕೆ ಇವನು. ಮೆಕ್ಯಾನಿಕ್ ಮೇಲಿನ ಮೆಷಿನ್ ರೂಮಿನಲ್ಲಿದ್ದ. ಎರಡನೇ ಮಹಡಿ ದಾಟಿದಾಗ ಒಳಗೆ ಪಾತ್ರೆ ಅಂಗಡಿಯೇ ಕುಸಿದಂಥ ಸದ್ದು. ಇಪ್ಪತ್ತೆರಡು ಕಬ್ಬಿಣದ ಪಟ್ಟಿಗಳ ಸಮೇತ ಎರಡಾಳು ನೆಲಕ್ಕೆ ಬಿದ್ದಿದ್ದ. ಆ ಹೊಡೆತಕ್ಕೆ ಬ್ರೇಕು ಗಬಕ್ಕನೆ ಹಿಡಿದು ಲಿಫ್ಟು ಅಲ್ಲೇ ನಿಂತಿತು. ಲಿಫ್ಟು ಪಾಸಾಯಿತು. ಎರಡಾಳಿಗೆ ಎಚ್ಚರವಿರಲಿಲ್ಲ. ಬಾಗಿಲು ಮೀಟಿ ತೆಗೆದು, ಅಂಗಿ ಕತ್ತರಿಸಿ, ಆರು ಜನ ಹೊತ್ತು ಆಸ್ಪತ್ರೆಗೆ ಸಾಗಿಸಿದರು.

ಮೈಯಲ್ಲಿ ನೀರೇ ಉಳಿದಿಲ್ಲ ಎಂದು ಡಾಕ್ಟರುಗಳು ಬಾಟಲಿ ಮೇಲೆ ಬಾಟಲಿ ಹಾಕಿದರು. ಒಂದು ದಿನ ಇಡೀ ಏನೂ ಹೇಳಲಾಗದು ಎಂದರು. ಹೆಂಡತಿ ಬಾಗಿಲ ಹೊರಗೆ ನಿಂತು ಒಳಗಿನ ಉಸಿರು ಕೇಳಿಸುತ್ತದೆಯೋ ಎಂದು ಗೋಡೆಗೆ ಕಿವಿಯಿಟ್ಟಳು. ಅವನು ಮರುದಿನ ಕಣ್ಣು ಬಿಟ್ಟಾಗ ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕೂತವಳ ಕೈಗೆ ಕ್ಯಾಷಿಯರ್ ಬಿಲ್ಲು ಇಟ್ಟು, “ಇನ್ಶೂರೆನ್ಸ್ ಇದೆಯಾ?” ಎಂದ.

ಇಲ್ಲ ಎನ್ನುವಷ್ಟರಲ್ಲಿ ಹಿಂದಿನಿಂದ ಯಜಮಾನರ ದನಿ ಬಂತು. “ಇದೆ, ಇದೆ.”

ಎಲ್ಲರೂ ತಿರುಗಿ ನೋಡಿದರು. ಯಜಮಾನರ ಕೈಯಲ್ಲಿ ಒಂದು ಫೈಲು. ಪರೀಕ್ಷೆಗೆ ಬಳಸುವ ಸಾಮಾನೆಲ್ಲ ಪಟ್ಟಿಯಲ್ಲಿರಬೇಕೆಂದು ವರ್ಷಗಳ ಹಿಂದೆ ಯಾರೋ ಅಧಿಕಾರಿ ಕೇಳಿದ್ದರಂತೆ. ಇವರು ವ್ಯಾನು, ಜ್ಯಾಕು, ಹಗ್ಗದ ಜತೆಗೆ ‘ತೂಕ, ನೂರ ಮೂವತ್ತಾರು ಕಿಲೋ, ಒಂದು’ ಎಂದೂ ಬರೆದುಕೊಟ್ಟಿದ್ದರು. ಆ ಪಟ್ಟಿಯಲ್ಲಿದ್ದ ಸಾಮಾನಿಗೆಲ್ಲ ಪ್ರತಿ ವರ್ಷ ತಪ್ಪದೆ ಇನ್ಶೂರೆನ್ಸ್ ಕಟ್ಟಿದ್ದರು. ಹತ್ತು ವರ್ಷದಿಂದ ಎರಡಾಳಿಗೆ ಬೆಂಕಿ, ಕಳವು, ತುಕ್ಕು, ಕೆಲಸದಲ್ಲಿ ಬಿದ್ದು ಕೆಡುವುದು, ನಾಲ್ಕರಿಂದಲೂ ರಕ್ಷಣೆಯಿತ್ತು. ಜ್ವರಕ್ಕೆ ಮಾತ್ರ ಇರಲಿಲ್ಲ.

ಮೂರನೇ ದಿನ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದ. ಇಸ್ತ್ರಿ ಮಾಡಿದ ಅಂಗಿ, ನಾಲ್ಕು ಬಣ್ಣದ ಪೆನ್ನು. ಕೆಟ್ಟುಹೋದ ಸಾಮಾನು ಎಲ್ಲಿದೆ ಎಂದು ಕೇಳಿದ. ಯಜಮಾನರು ಮಂಚ ತೋರಿಸಿದರು. ಸರ್ವೇಯರ್ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಪಟ್ಟಿ ನೋಡಿದ, ಪಾಲಿಸಿ ನೋಡಿದ, ಕಂತಿನ ರಸೀದಿ ನೋಡಿದ. ಎಲ್ಲ ಸರಿಯಾಗಿತ್ತು. ಮನುಷ್ಯನಿಗೆ ಇದೆಲ್ಲ ಹೊಂದುತ್ತದೆಯೇ ಎಂದು ಆ ಕೋಣೆಯಲ್ಲಿ ಯಾರಾದರೂ ಒಬ್ಬರು ಕೇಳಬೇಕಿತ್ತು. ಕೇಳಲಿಲ್ಲ, ಕಾಗದ ಅಷ್ಟು ಅಚ್ಚುಕಟ್ಟಾಗಿತ್ತು. ಸರ್ವೇಯರ್ ಎರಡಾಳನ್ನು ಆಸ್ಪತ್ರೆಯ ತಕ್ಕಡಿಯ ಮೇಲೆ ನಿಲ್ಲಿಸಿ, “ನೂರ ಹದಿನಾಲ್ಕು. ಇಪ್ಪತ್ತೆರಡು ಕಿಲೋ ನಷ್ಟ” ಎಂದು ಕೆಂಪು ಪೆನ್ನಿನಲ್ಲಿ ಬರೆದುಕೊಂಡ.

“ಆಸ್ಪತ್ರೆ ಬಿಲ್ಲು?” ಎಂದು ಹೆಂಡತಿ ಹೆದರುತ್ತ ಕೇಳಿದಳು.

“ಅದು ಬಿಡಿ, ಗೋಡೌನ್ ಬಾಡಿಗೆ ಅಂತ ಹಾಕ್ತೀನಿ, ಪಾಸಾಗತ್ತೆ” ಎಂದ ಸರ್ವೇಯರ್. “ಈಗ ಮುಖ್ಯ ವಿಷ್ಯಕ್ಕೆ ಬರೋಣ. ಎರಡು ದಾರಿ ಇದೆ. ಒಂದು, ರಿಪೇರಿ. ಸಾಮಾನನ್ನ ಮೊದಲಿನ ಸ್ಥಿತಿಗೆ ತರೋ ಖರ್ಚು ಕಂಪನೀದು. ಅಂದ್ರೆ ಮತ್ತೆ ನೂರ ಮೂವತ್ತಾರಾಗಬೇಕು. ತೊಂಬತ್ತು ದಿನ ಟೈಮಿದೆ. ಊಟದ ಬಿಲ್ಲೆಲ್ಲ ಕೊಡಿ, ಮೂರು ಹೊತ್ತಿಂದೂ ಕೊಡ್ತೀವಿ.”

ಯಜಮಾನರ ಮುಖ ಅರಳಿತು. “ಕೇಳಿದ್ಯೇನಯ್ಯಾ? ಬಿಟ್ಟಿ ಊಟ!”

ಎರಡಾಳಿನ ಕಣ್ಣಲ್ಲೂ ಬೆಳಕು ಬಂತು, ಸುಳ್ಳೇಕೆ ಹೇಳಲಿ. ಸೂಜಿಯಿಲ್ಲ, ಸಾಲವಿಲ್ಲ, ಭಾಮೈದ ತೋಳು ಹಿಂಡುವುದಿಲ್ಲ. ಹಳೆಯ ಕೆಲಸ, ಹಳೆಯ ಗೌರವ. ಅವನು ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡಲೇ ಇಲ್ಲ.

“ಎರಡನೇ ದಾರಿ ಯಾವುದು?” ಎಂದಳು.

“ರಿಪೇರಿ ಆಗಲ್ಲ ಅಂತ ಗುಜರಿಗೆ ಬರೆಯೋದು. ಯಜಮಾನ್ರಿಗೆ ಪೂರ್ತಿ ತೂಕದ ಪರಿಹಾರ ಸಿಗತ್ತೆ. ಹೆಸರು ಪಟ್ಟಿಯಿಂದ ಹೋಗತ್ತೆ. ಆದ್ರೆ ರಿಪೇರಿ ಆಗುತ್ತೋ ಇಲ್ವೋ ಅನ್ನೋದನ್ನ ಬಳಸೋರು ಸಹಿ ಹಾಕಿ ಹೇಳ್ಬೇಕು.”

“ಇಪ್ಪತ್ತೆರಡು ವರ್ಷದಿಂದ ಬಳಸ್ತಿರೋದು ನಾನು” ಎಂದಳು ಹೆಂಡತಿ. “ಎಲ್ಲಿ ಸಹಿ ಹಾಕ್ಲಿ? ಗುಜರಿ ಅಂತ ಬರೀರಿ.”

“ಲೇ!” ಎಂದ ಎರಡಾಳು. ಅವನಿಗೆ ನಿಜವಾಗಿಯೂ ನೋವಾಗಿತ್ತು. “ನಾನು ಗುಜರೀನಾ?”

“ಹೌದು. ಸುಮ್ನೆ ಮಲ್ಕೊಳ್ಳಿ.”

ಅವಳು ಒತ್ತಿ ಒತ್ತಿ ಸಹಿ ಹಾಕಿದಳು. ಸರ್ವೇಯರ್ ಅದಕ್ಕೆ ಮುದ್ರೆ ಹೊಡೆದು ಇನ್ನೊಂದು ಫಾರಂ ತೆಗೆದ. ಪರಿಹಾರ ಕೊಟ್ಟಮೇಲೆ ಗುಜರಿ ಕಂಪನಿಯ ಸೊತ್ತು; ಒಂದೋ ಕಂಪನಿಯ ಗೋಡೌನಿಗೆ ಹೋಗಬೇಕು, ಇಲ್ಲವೇ ಇದ್ದಲ್ಲೇ ಹೆಚ್ಚು ಕೊಟ್ಟವರಿಗೆ ಹೋಗಬೇಕು. ಕಿಲೋ ಲೆಕ್ಕ.

“ನಾನೇ ತಗೋತೀನಿ” ಎಂದರು ಯಜಮಾನರು ಕೂಡಲೇ. ಪರಿಹಾರವೂ ಕೈಗೆ, ಗುಜರಿ ದರದಲ್ಲಿ ನೂರ ಹದಿನಾಲ್ಕು ಕಿಲೋದ ನಡೆದಾಡುವ ತೂಕವೂ ಕೈಗೆ. ಇನ್ನು ಸಂಬಳವನ್ನೂ ಕೊಡಬೇಕಿಲ್ಲ ಎಂದು ಅವರ ತಲೆಯಲ್ಲಿ ಓಡಿದ್ದು ಮುಖದ ಮೇಲೇ ಕಾಣುತ್ತಿತ್ತು.

ಹೆಂಡತಿ ಸೊಂಟದ ಚೀಲ ತೆಗೆದಳು. “ಒಂದು ಕಾಸು ಹೆಚ್ಚು” ಎಂದಳು.

ಯಜಮಾನರು ಏರಿಸಿದರು. ಅವಳು ಏರಿಸಿದಳು. ನರ್ಸು ಬಾಟಲಿ ಬದಲಿಸುವುದನ್ನು ಬಿಟ್ಟು ನೋಡುತ್ತ ನಿಂತಳು. ಪಕ್ಕದ ಮಂಚದ ಅಜ್ಜ, “ಬಿಡಬೇಡಮ್ಮ, ಗಟ್ಟಿ ಮಾಲು” ಎಂದು ಹುರಿದುಂಬಿಸಿದ. ಎರಡಾಳು ಮಾತ್ರ ಒಂದು ಸಲ ಯಜಮಾನರನ್ನೂ ಒಂದು ಸಲ ಹೆಂಡತಿಯನ್ನೂ ನೋಡುತ್ತ, ಬೆಲೆ ಏರಿದ ಹಾಗೆಲ್ಲ ಹೊದಿಕೆಯನ್ನು ಗಲ್ಲದವರೆಗೂ ಎಳೆದುಕೊಳ್ಳುತ್ತಿದ್ದ. ಅವಳು ನೋಟುಗಳ ಕಟ್ಟು ಬಿಚ್ಚಿದಳು. ಆಮೇಲೆ ಚಿಲ್ಲರೆ ಸುರಿದಳು. ದರ ಒಂದು ಹಂತ ಮುಟ್ಟಿದಾಗ ಯಜಮಾನರು ಮೂಗು ಮುರಿದು, “ಇಷ್ಟು ಕೊಟ್ರೆ ನಂಗೆ ಹೊಸಾ ಕಬ್ಬಿಣಾನೇ ಬರತ್ತೆ” ಎಂದು ಫೈಲು ಬಗಲಿಗೇರಿಸಿ ಹೊರಟುಹೋದರು.

ಸರ್ವೇಯರ್ ದುಡ್ಡು ಎಣಿಸಿಕೊಂಡು ರಸೀದಿ ಹರಿದುಕೊಟ್ಟ. ‘ಗುಜರಿ, ಒಂದು, ನೂರ ಹದಿನಾಲ್ಕು ಕಿಲೋ. ಪೂರ್ತಿ ಹಣ ಸಂದಿದೆ.’ ಸಾಗಿಸುವ ಖರ್ಚು ಕೊಂಡವರದು ಎಂದು ನೆನಪಿಸಿ ಹೋದ.

ಎರಡಾಳು ಬಹಳ ಹೊತ್ತು ಸೂರು ನೋಡುತ್ತ ಮಲಗಿದ್ದ. ಕೆಲಸ ಹೋಗಿತ್ತು. ಹತ್ತು ವರ್ಷ ಕಾಪಾಡಿಕೊಂಡ ನೂರ ಮೂವತ್ತಾರು ಹೋಗಿತ್ತು. ಇನ್ನು ಯಾರೂ ಬಗ್ಗಿ ಮುಳ್ಳು ನೋಡಿ ಸರಿ ಎನ್ನುವವರಿಲ್ಲ. ಅವನಿಗೆ ತಾನು ಏತಕ್ಕೂ ಬಾರದವನು ಅನ್ನಿಸಿತು. ಆಮೇಲೆ ಇದ್ದಕ್ಕಿದ್ದಂತೆ ಏನೋ ಹೊಳೆದು ಹೆಂಡತಿಯ ಖಾಲಿ ಚೀಲ ನೋಡಿದ.

“ಅದು ಸೂಜಿ ದುಡ್ಡಲ್ವೇನೇ? ಸಣ್ಣ ಡೋಸಿಗೆ ಅಂತ ಎತ್ತಿಟ್ಟಿದ್ದು?”

“ಹೂಂ.”

“ಮತ್ತೆ ಈ ತಿಂಗಳ ಸೂಜಿ?”

“ಈ ತಿಂಗಳು ಸೂಜಿ ಇಲ್ಲ. ಆ ದುಡ್ಡಿಗೆ ನಿಮ್ಮನ್ನ ತಗೊಂಡೆ.”

ಎರಡಾಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಪಕ್ಕದ ಮಂಚದ ಅಜ್ಜ ಆ ಕಡೆ ತಿರುಗಿ ಮಲಗುವಷ್ಟು ಜೋರಾಗಿ ಅತ್ತ. ಹೆಂಡತಿ ಸಮಾಧಾನ ಮಾಡಲಿಲ್ಲ. ಅಳಲಿ ಎಂದು ಬಿಟ್ಟಳು.

“ದುಬಾರಿ ಆಯ್ತೇನೇ?” ಎಂದು ಅವನು ಕೊನೆಗೆ ಕೇಳಿದ.

“ದುಬಾರೀನೇ” ಎಂದಳು ಅವಳು. “ಬದುಕಿ ತೀರಿಸಿ.”